ಬೆನ್ನುಮೂಳೆಯ ಎಣಿಕೆ ಎಲ್ಲಿಂದ?

ಪ್ರಶ್ನೆ: ಸೊಂಟದ ಅರಿವಳಿಕೆಗೆ (ಬೆನ್ನುಮೂಳೆಯ ಸಂದಿನಲ್ಲಿ ಸೂಜಿ ಹಾಕಿ ಕೊಡುವ ಅರಿವಳಿಕೆ) ಮುನ್ನ ಬೆನ್ನಿಗೆ ಅಲ್ಟ್ರಾಸೌಂಡ್ ಏಕೆ? ಕೈಯಲ್ಲಿ ಮುಟ್ಟಿ ಗುರುತಿಸಿದರೆ ಸಾಲದೆ?

ಉತ್ತರ: ಸೊಂಟದ ಮೂಳೆಗಳ ತುದಿ ಸೇರಿಸುವ ಗೆರೆ ಸಾಮಾನ್ಯವಾಗಿ ಎಲ್4 (ಸೊಂಟದ ಭಾಗದ ನಾಲ್ಕನೇ ಕಶೇರು, ಅಂದರೆ ಬೆನ್ನುಮೂಳೆಯ ಎಲುಬು) ಅಥವಾ ಎಲ್4–5ರ (ನಾಲ್ಕು, ಐದನೆಯ ಕಶೇರುಗಳ ನಡುವಿನ ಸಂದು) ಮಟ್ಟದಲ್ಲಿರುತ್ತದೆ. ದಪ್ಪ ಮೈಯವರಲ್ಲಿ, ಗರ್ಭಿಣಿಯರಲ್ಲಿ ಬೆರಳು ಅಂದಾಜಿಸಿದ ಗೆರೆ ಒಂದೆರಡು ಮಟ್ಟ ಮೇಲಕ್ಕೆ ಸರಿಯಬಹುದು. ಇದು ಸಣ್ಣ ತಪ್ಪಲ್ಲ, ಸೂಜಿ ಬೆನ್ನುಹುರಿಗೆ ತಾಗಬಹುದು. ಬೆನ್ನುಹುರಿ ಹೆಚ್ಚಿನವರಲ್ಲಿ ಎಲ್1–2ರ ಬಳಿ ಮುಗಿದರೂ ಕೆಲವರಲ್ಲಿ ಇನ್ನೂ ಕೆಳಗಿಳಿದಿರುತ್ತದೆ.

2–5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬನ್ನು (ಅಲ್ಟ್ರಾಸೌಂಡ್ ಯಂತ್ರದ, ಮೈಗೆ ತಾಗಿಸುವ ಭಾಗ) ನಡುಗೆರೆಯಿಂದ 2–3 ಸೆಂಟಿಮೀಟರ್ ಪಕ್ಕಕ್ಕೆ ಉದ್ದುದ್ದ ಇಟ್ಟು, ನಡುವಿನತ್ತ ವಾಲಿಸಬೇಕು. ಬೆನ್ನಿನ ಸ್ನಾಯುವಿನಡಿ ತ್ರಿಕಾಸ್ಥಿ (ಬೆನ್ನುಮೂಳೆಯ ಬುಡದ ತ್ರಿಕೋನ ಎಲುಬು) ಉದ್ದನೆಯ ಬಿಳಿ ಗೆರೆಯಾಗಿ, ಮೇಲಿನ ಕಶೇರುಗಳು ಗರಗಸದ ಹಲ್ಲಿನಂತೆ ಕಾಣುತ್ತವೆ. ಗೆರೆ ಮುಗಿದ ಮೊದಲ ಸಂದು ಎಲ್5–ಎಸ್1, ಅಂದರೆ ಸೊಂಟದ ಕೊನೆಯ ಕಶೇರು ಮತ್ತು ತ್ರಿಕಾಸ್ಥಿಯ ನಡುವಿನದು. ಅಲ್ಲಿಂದ ಮೇಲಕ್ಕೆ ಎಣಿಸಬೇಕು. ಎಲ್5 ತ್ರಿಕಾಸ್ಥಿಗೆ ಬೆಸೆದಿದ್ದರೆ ಈ ಎಣಿಕೆಯೂ ತಪ್ಪುತ್ತದೆ; ಹಳೆಯ ಎಕ್ಸ್‌ರೇ ಇದ್ದರೆ ವೈದ್ಯರಿಗೆ ತಪ್ಪದೆ ತೋರಿಸಿ. ಗುರುತು ಹಾಕಿದ ಮೇಲೆ ಭಂಗಿ ಬದಲಿಸಬೇಡಿ, ಚರ್ಮ ಜಾರಿದರೆ ಗುರುತೂ ಜಾರುತ್ತದೆ.