ತಿಂಗಳು ನೀರಿನಡಿ ಇದ್ದವರು ಮೇಲೆ ಬರಲು ಎಷ್ಟು ದಿನ?

ಪ್ರಶ್ನೆ: ಸ್ಯಾಚುರೇಷನ್ ಡೈವಿಂಗ್ ಮಾಡುವವರು ವಾರಗಟ್ಟಲೆ ಆಳದ ಒತ್ತಡದಲ್ಲೇ ಇರುತ್ತಾರಂತೆ. ಜಾಸ್ತಿ ದಿನ ಇದ್ದಷ್ಟೂ ಡಿಕಂಪ್ರೆಷನ್‌ಗೂ, ಅಂದರೆ ಆ ಒತ್ತಡವನ್ನು ನಿಧಾನಕ್ಕೆ ಇಳಿಸುವುದಕ್ಕೂ, ಜಾಸ್ತಿ ದಿನ ಬೇಕಲ್ವಾ?

ಉತ್ತರ: ಬೇಕಿಲ್ಲ. ಈ ಇಡೀ ವಿದ್ಯೆ ನಿಂತಿರುವುದೇ ಅದರ ಮೇಲೆ.

ಮಾಮೂಲಿ ಡೈವಿಂಗ್‌ನಲ್ಲಿ ನಿಮ್ಮ ಲೆಕ್ಕ ಸರಿ. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಉಸಿರಿನ ನೈಟ್ರೋಜನ್ ರಕ್ತ, ಕೊಬ್ಬುಗಳಲ್ಲಿ ಕರಗುತ್ತಾ ಹೋಗುತ್ತದೆ. ಅವಸರದಲ್ಲಿ ಮೇಲೆ ಬಂದರೆ ಅದು ಮೈಯೊಳಗೇ ಗುಳ್ಳೆಯಾಗುತ್ತದೆ.

ಆದರೆ ಲೋಟದ ನೀರಿಗೆ ಉಪ್ಪು ಹಾಕುತ್ತಲೇ ಇದ್ದರೆ ಒಂದು ಹಂತದ ಮೇಲೆ ಅದು ಕರಗುವುದಿಲ್ಲ. ದೇಹವೂ ಅಷ್ಟೇ. ಒಂದೇ ಆಳದಲ್ಲಿ ಸುಮಾರು ಒಂದು ದಿನ ಕಳೆದರೆ ಹಿಡಿಯುವಷ್ಟು ಅನಿಲ ಹಿಡಿದಾಗಿರುತ್ತದೆ. ಆಮೇಲೆ ವಾರ ಇದ್ದರೂ ಒಂದೇ, ತಿಂಗಳು ಇದ್ದರೂ ಒಂದೇ. ಡಿಕಂಪ್ರೆಷನ್ ಎಷ್ಟು ಹೊತ್ತು ಅನ್ನುವುದನ್ನು ಆಳ ತೀರ್ಮಾನಿಸುತ್ತದೆ. ಅಂದಾಜು ಪ್ರತಿ 30 ಮೀಟರ್‌ಗೆ ಒಂದು ದಿನ, ಅದರ ಜೊತೆಗೆ ಇನ್ನೊಂದು ದಿನ. 150 ಮೀಟರ್ ಆದರೆ ಹೆಚ್ಚುಕಮ್ಮಿ ಆರು ದಿನ.

ಅಮೆರಿಕದ ನೌಕಾಪಡೆಯ ವೈದ್ಯ ಜಾರ್ಜ್ ಬಾಂಡ್ ಇದನ್ನು ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. 1964ರಲ್ಲಿ ಬರ್ಮುಡಾ ಬಳಿ ಸೀಲ್ಯಾಬ್ ಎಂಬ ಮನೆಯಲ್ಲಿ ನಾಲ್ವರು ಸುಮಾರು 58 ಮೀಟರ್ ಆಳದಲ್ಲಿ 11 ದಿನ ಇದ್ದರು.

ಈಗ ತೈಲ ಕೆಲಸದ ಡೈವರ್‌ಗಳು ಮಲಗುವುದು ಹಡಗಿನ ಮೇಲಿರುವ ಉಕ್ಕಿನ ಚೇಂಬರ್‌ನಲ್ಲಿ. ಒಳಗೆ ಸಮುದ್ರದಾಳದ ಒತ್ತಡ, ಉಸಿರಾಡಲು ಹೀಲಿಯಂ ಬೆರೆತ ಅನಿಲ. ಕೆಲಸಕ್ಕೆ ಡೈವಿಂಗ್ ಬೆಲ್‌ನಲ್ಲಿ (ಅದೇ ಒತ್ತಡ ಕಾಯ್ದುಕೊಂಡು ಆಳಕ್ಕೆ ಇಳಿಸುವ ಪುಟ್ಟ ಕೋಣೆ) ಇಳಿಯುತ್ತಾರೆ, ಅದರಲ್ಲೇ ವಾಪಸ್ ಬರುತ್ತಾರೆ. ಊಟ ಎರಡು ಬಾಗಿಲಿನ ಪುಟ್ಟ ಲಾಕ್‌ನಲ್ಲಿ ಒಳಗೆ ಹೋಗುತ್ತದೆ. ಹೊರಗಿನವರು ಕಿಟಕಿಯಲ್ಲಿ ಕಾಣುತ್ತಾರೆ, ಆದರೆ ಅವರ ಪಕ್ಕ ಬಂದು ನಿಲ್ಲಲು ದಿನಗಳೇ ಬೇಕು. 1983ರಲ್ಲಿ ಬೈಫೋರ್ಡ್ ಡಾಲ್ಫಿನ್ ಎಂಬ ತೈಲ ರಿಗ್‌ನಲ್ಲಿ ಇಂಥ ಚೇಂಬರ್‌ನ ಒತ್ತಡ 9 ವಾತಾವರಣದಿಂದ ಕ್ಷಣದಲ್ಲಿ 1ಕ್ಕೆ ಕುಸಿದು ನಾಲ್ವರು ಡೈವರ್‌ಗಳೂ ಒಬ್ಬ ಸಹಾಯಕನೂ ಸತ್ತರು.

ಸಮುದ್ರದ ತಳದಲ್ಲೇ ವಾಸಿಸುವವರಿಗೆ ಇದು ಇನ್ನೂ ಕಠಿಣ ಅನ್ನುವುದು ನನ್ನ ಅಭಿಪ್ರಾಯ. ಫ್ಲಾರಿಡಾದ ಅಕ್ವೇರಿಯಸ್ ಎಂಬ ನೀರಿನಡಿಯ ಸಂಶೋಧನಾ ಮನೆ ಇರುವುದು ಸುಮಾರು 19 ಮೀಟರ್ ಆಳದಲ್ಲಿ. ಮೇಲೆ ನೋಡಿದರೆ ಬೆಳಕು ಕಾಣುತ್ತದೆ. ಆದರೂ ಹೊರಗೆ ಈಜುವಾಗ ಏನೇ ಎಡವಟ್ಟಾದರೂ ಮೇಲಕ್ಕೆ ಹೋಗುವ ಹಾಗಿಲ್ಲ, ಮನೆಗೇ ವಾಪಸ್ ಬರಬೇಕು. ಡಿಕಂಪ್ರೆಷನ್ ಕೂಡ ಅಲ್ಲೇ. ಬಾಗಿಲು ಮುಚ್ಚಿ, ಸುಮಾರು 17 ಗಂಟೆಯಲ್ಲಿ ಒಳಗಿನ ಒತ್ತಡವನ್ನು ನಿಧಾನಕ್ಕೆ ನೀರಿನ ಮೇಲಿನ ಮಟ್ಟಕ್ಕೆ ಇಳಿಸುತ್ತಾರೆ. ಬಾಗಿಲು ತೆರೆಯಲೆಂದು ಸ್ವಲ್ಪ ಹೊತ್ತು ಮತ್ತೆ ಒತ್ತಡ ಏರಿಸುತ್ತಾರೆ. ತಡಮಾಡದೆ ಈಜಿ ಮೇಲೆ ಬರುತ್ತಾರೆ.