ಓದುಗರ ಪ್ರಶ್ನೆ, ಪರಿಣತರ ಉತ್ತರ: ಮನೆಯಿಂದಲೇ ಆನ್‌ಲೈನ್ ಅಂಗಡಿ

ಪ್ರಶ್ನೆ: ಮನೆಯಲ್ಲೇ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ ಮಾಡಿ ಪರಿಚಯದವರಿಗೆ ಮಾರುತ್ತಿದ್ದೇನೆ. ಇನ್ನು ಆನ್‌ಲೈನ್‌ನಲ್ಲಿ ಮಾರಬೇಕೆಂದಿದ್ದೇನೆ. ವೆಬ್‌ಸೈಟ್ ಮಾಡಿಕೊಡುವವರು 40 ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಮೊದಲು ಅದನ್ನೇ ಮಾಡಿಸಲೇ? (ಧಾರವಾಡ)

ಉತ್ತರ: ಬೇಡ, ಮೊದಲು ಒಂದು ಆರ್ಡರ್‌ನ ಲೆಕ್ಕ ಬರೆಯಿರಿ. 250 ಗ್ರಾಂ ಪ್ಯಾಕೆಟ್‌ಗೆ 150 ರೂಪಾಯಿ ಬೆಲೆ ಇಟ್ಟಿದ್ದೀರಿ ಎಂದುಕೊಳ್ಳೋಣ. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಗ್ಯಾಸ್ ಸೇರಿ 50, ಪೌಚ್ ಮತ್ತು ಲೇಬಲ್ 8, ಪೆಟ್ಟಿಗೆ 12, ಕೊರಿಯರ್ 70. ಪೇಮೆಂಟ್ ಗೇಟ್‌ವೇಯವರು (ಆನ್‌ಲೈನ್ ಪಾವತಿ ಪಡೆದುಕೊಡುವವರು) ಶೇ 2 ಮತ್ತು ಅದರ ಮೇಲೆ ಜಿಎಸ್‌ಟಿ ಹಿಡಿದರೆ ಮೂರೂವರೆ ರೂಪಾಯಿ. ಕೊನೆಗೆ ಉಳಿಯುವುದು ಆರೇಳು ರೂಪಾಯಿ, ಅದೂ ನಿಮ್ಮ ಕೂಲಿ ಕಳೆಯದೆ. ಅದೇ ನಾಲ್ಕು ಪ್ಯಾಕೆಟ್ ಒಟ್ಟಿಗೆ 600ಕ್ಕೆ ಮಾರಿದರೆ, ಕೊರಿಯರ್ 120 ಆದರೂ 200 ರೂಪಾಯಿಗಿಂತ ಹೆಚ್ಚು ಉಳಿಯುತ್ತದೆ. ಹಾಗಾಗಿ ಬಿಡಿ ಪ್ಯಾಕೆಟ್ ಮಾರುವ ಆಸೆ ಬಿಟ್ಟು ಕಾಂಬೊ ಮಾಡಿ. ಮೊದಲ ಐವತ್ತು ಆರ್ಡರ್ ವಾಟ್ಸ್ಆ್ಯಪ್ ಬಿಸಿನೆಸ್ ಕ್ಯಾಟಲಾಗ್ ಮತ್ತು ಯುಪಿಐಯಲ್ಲೇ ನಡೆಯಲಿ.

ಕೊರಿಯರ್‌ನವರು ತೂಕದ ಜೊತೆ ಪೆಟ್ಟಿಗೆಯ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ವಾಡಿಕೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಬಿಲ್. 30×20×15ರ ಪೆಟ್ಟಿಗೆ 1.8 ಕೆ.ಜಿ. ಆಗುತ್ತದೆ, ಒಳಗಿನ ಮಾಲು 1.2 ಕೆ.ಜಿ. ಇದ್ದರೂ ಅರ್ಧ ಕಿಲೋ ಸ್ಲ್ಯಾಬ್‌ನಲ್ಲಿ (ಮುಂದಿನ ಅರ್ಧ ಕಿಲೋಗೆ ಏರಿಸುವ ಲೆಕ್ಕದಲ್ಲಿ) 2 ಕೆ.ಜಿ.ಯ ಹಣ ಕೊಡಬೇಕು. 24×16×12ರ ಪೆಟ್ಟಿಗೆ ಸಿಕ್ಕರೆ ನಿಜವಾದ ತೂಕವೇ ಹೆಚ್ಚಾಗಿ 1.5 ಕೆ.ಜಿ.ಗೆ ಮುಗಿಯುತ್ತದೆ. ಎರಡು ಅಳತೆಗಿಂತ ಹೆಚ್ಚು ಪೆಟ್ಟಿಗೆ ಇಟ್ಟುಕೊಳ್ಳಬೇಡಿ.

ಚಟ್ನಿಪುಡಿಯಲ್ಲಿ ಹೆಚ್ಚಾಗಿ ಕೆಡುವುದು ಸೀಲ್. ಪುಡಿ ತುಂಬುವಾಗ ಪೌಚ್‌ನ ಬಾಯಿಗೆ ಎಣ್ಣೆಪುಡಿ ಮೆತ್ತಿಕೊಂಡರೆ ಶಾಖಕ್ಕೆ ಎರಡು ಪದರ ಅಂಟಿದಂತೆ ಕಂಡರೂ ದಾರಿಯಲ್ಲಿ ಬಿಡುತ್ತವೆ. ಅಗಲ ಬಾಯಿಯ ಫನೆಲ್‌ನಿಂದ ತುಂಬಿ, ಒಣಬಟ್ಟೆಯಿಂದ ಒರೆಸಿ, 8ರಿಂದ 10 ಮಿ.ಮೀ. ಅಗಲದ ಸೀಲ್ ಹಾಕಿ. ಪ್ರತಿ ಬ್ಯಾಚ್‌ನ ಒಂದು ಪೌಚ್ ಅನ್ನು ನೀರಿನಲ್ಲಿ ಅದುಮಿ ನೋಡಿ. ಗುಳ್ಳೆ ಬಂದರೆ ಸೀಲ್ ಸರಿಯಿಲ್ಲ. ಹುರಿದದ್ದು ಪೂರ್ತಿ ಆರುವ ಮುನ್ನ ಪ್ಯಾಕ್ ಮಾಡಿದರೆ ಒಳಗೆ ಹನಿಗಟ್ಟಿ ಪುಡಿ ಗಂಟಾಗುತ್ತದೆ, ಬೂಷ್ಟು ಹಿಡಿಯುತ್ತದೆ. ತೆಳು ಪಾಲಿಥಿನ್‌ನಲ್ಲಿ ಶೇಂಗಾ ಎಣ್ಣೆ ಬೇಗ ಕಮಟುತ್ತದೆ, ಮೆಟಲೈಸ್ಡ್ ಲ್ಯಾಮಿನೇಟ್ ಪೌಚ್ ಕೊಳ್ಳಿ. ಬಾಳಿಕೆಯ ಅವಧಿಯನ್ನು ಅಂದಾಜಿನಲ್ಲಿ ಬರೆಯಬೇಡಿ: ಒಂದೇ ಬ್ಯಾಚ್‌ನ ಎಂಟು ಪ್ಯಾಕೆಟ್ ಎತ್ತಿಟ್ಟು 15 ದಿನಕ್ಕೊಂದು ಒಡೆದು ರುಚಿ, ವಾಸನೆ ನೋಡಿ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇಲ್ಲದೆ ಒಂದು ಪ್ಯಾಕೆಟ್ಟೂ ಮಾರುವಂತಿಲ್ಲ. ಸಣ್ಣ ವಹಿವಾಟಿಗೆ ಮೂಲ ನೋಂದಣಿ ಸಾಕು, ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು. 14 ಅಂಕಿಯ ಆ ಸಂಖ್ಯೆ, ಸಸ್ಯಾಹಾರದ ಹಸಿರು ಚಿಹ್ನೆ, ಪ್ರಮಾಣದ ಇಳಿಕೆ ಕ್ರಮದಲ್ಲಿ ಪದಾರ್ಥಗಳು, ಶೇಂಗಾ ಇದೆಯೆಂಬ ಅಲರ್ಜಿ ಸೂಚನೆ, ಬ್ಯಾಚ್, ತಯಾರಿಸಿದ ದಿನ, ಬಳಕೆಯ ಅವಧಿ, ನಿವ್ವಳ ತೂಕ, ಎಂಆರ್‌ಪಿ, ವಿಳಾಸ, ದೂರಿಗೆ ಫೋನ್ ನಂಬರ್ ಲೇಬಲ್‌ನಲ್ಲಿರಲಿ. ಇನ್ನೊಂದು ಮಾತು: ಗ್ರಾಹಕರ ಕೈಸೇರುವಾಗ ಕನಿಷ್ಠ ಶೇ 30ರಷ್ಟು ಬಾಳಿಕೆ ಅಥವಾ 45 ದಿನ ಉಳಿದಿರಬೇಕೆಂದು ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲಿ ಇ-ಕಾಮರ್ಸ್ ಕಂಪನಿಗಳಿಗೆ ಸೂಚಿಸಿದೆ. ಎರಡು ತಿಂಗಳು ಬಾಳುವ ಪುಡಿಯನ್ನು ಅವರ ಗೋದಾಮಿನಲ್ಲಿ ರಾಶಿ ಹಾಕುವುದು ನಷ್ಟದ ದಾರಿ.

ಪ್ರಶ್ನೆ: ವಹಿವಾಟು 40 ಲಕ್ಷ ದಾಟದಿದ್ದರೆ ಜಿಎಸ್‌ಟಿ ಬೇಡ ಎನ್ನುತ್ತಾರೆ. ಆನ್‌ಲೈನ್‌ಗೂ ಹಾಗೆಯೇ? (ಶಿರಸಿ)

ಉತ್ತರ: ಅರ್ಧ ಸತ್ಯ. 40 ಲಕ್ಷದ ಮಿತಿ ಕರ್ನಾಟಕದೊಳಗೆ ಸರಕು ಮಾರುವವರಿಗೆ. ಮುಂಬೈಗೋ ಪುಣೆಗೋ ಮಾಲು ಕಳಿಸುವುದಾದರೆ, ಕೆಲವು ಕರಕುಶಲ ವಸ್ತುಗಳ ವಿನಾಯಿತಿ ಬಿಟ್ಟು, ಮೊದಲ ಆರ್ಡರ್‌ಗೇ ನೋಂದಣಿ ಬೇಕು. ಸ್ವಂತ ವೆಬ್‌ಸೈಟ್ ಆದರೂ ಅಷ್ಟೇ. ಕಾಂಪೊಸಿಷನ್ ಯೋಜನೆಯಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸರಳ ದರದಲ್ಲಿ ತೆರಿಗೆ ಕಟ್ಟುವ ಯೋಜನೆ) ಹೊರರಾಜ್ಯಕ್ಕೆ ಮಾರುವಂತಿಲ್ಲ. ಅಮೆಜಾನ್, ಮೀಶೋದಂಥ ಕಡೆ ರಾಜ್ಯದೊಳಗಷ್ಟೇ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ರಿಯಾಯಿತಿ ಇದೆ: ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಮನೆ ಬೇರೆಯವರ ಹೆಸರಲ್ಲಿದ್ದರೆ ಕರೆಂಟ್ ಬಿಲ್ ಜೊತೆ ಅವರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ನೋಂದಣಿ ಅರ್ಜಿಗೆ ಆಕ್ಷೇಪ ಬರುವುದು ಹೆಚ್ಚಾಗಿ ಇಲ್ಲಿಯೇ.

ನೋಂದಾಯಿತರಿಗೆ ಮಾರ್ಕೆಟ್‌ಪ್ಲೇಸ್‌ನವರು (ಅಮೆಜಾನ್, ಮೀಶೋದಂಥವರು) ಹಣ ಹಾಕುವಾಗ ಶೇ 0.5 ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಮುರಿಯುತ್ತಾರೆ. ಅದು ನಿಮ್ಮದೇ ದುಡ್ಡು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಪ್ಪಿಕೊಂಡರೆ ಅಲ್ಲಿನ ನಿಮ್ಮ ನಗದು ಖಾತೆಗೆ (ಕ್ಯಾಶ್ ಲೆಡ್ಜರ್) ಬರುತ್ತದೆ. ಎಷ್ಟೋ ಜನ ಅದನ್ನು ಕೇಳುವುದೇ ಇಲ್ಲ.

ಪ್ರಶ್ನೆ: ಕ್ಯಾಶ್ ಆನ್ ಡೆಲಿವರಿ ಇಡದಿದ್ದರೆ ಆರ್ಡರ್ ಬರುತ್ತದೆಯೇ? (ಹಾಸನ)

ಉತ್ತರ: ಕಡಿಮೆ ಬರುತ್ತದೆ, ಆದರೆ ಉಳಿಯುವುದು ಹೆಚ್ಚು. ನೂರು ಪಾರ್ಸೆಲ್‌ನಲ್ಲಿ 20 ವಾಪಸಾದರೆ, ಹೋಗಿಬರುವ ಖರ್ಚು 140ರಂತೆ 2,800 ರೂಪಾಯಿ. ಅದು ಉಳಿದ 80 ಆರ್ಡರ್‌ಗಳ ತಲೆಗೆ 35ರಂತೆ ಬೀಳುತ್ತದೆ. ಇಡಲೇಬೇಕೆಂದರೆ 100 ರೂಪಾಯಿ ಮುಂಗಡ ಯುಪಿಐಯಲ್ಲಿ ಪಡೆಯಿರಿ, ಕಳಿಸುವ ಮುನ್ನ ಫೋನ್ ಮಾಡಿ ಪಿನ್‌ಕೋಡ್ ಮತ್ತು ಮನೆಯ ಗುರುತು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಇಳಕಲ್ ಸೀರೆ ಮಾರುತ್ತೇವೆ. ‘ಫೋಟೊದಲ್ಲಿದ್ದ ಹಾಗಿಲ್ಲ’ ಎಂದು ವಾಪಸ್ ಕಳಿಸುತ್ತಾರೆ. (ಬಾಗಲಕೋಟೆ)

ಉತ್ತರ: ಟ್ಯೂಬ್‌ಲೈಟ್ ಕೆಳಗೆ ಫೋಟೊ ತೆಗೆಯುವುದನ್ನು ನಿಲ್ಲಿಸಿ. ಬೆಳಗಿನ ನೆರಳಿನಲ್ಲಿ, ಪಕ್ಕದಲ್ಲೊಂದು ಬಿಳಿ ಹಾಳೆ ಇಟ್ಟು ತೆಗೆಯಿರಿ. ಹಾಳೆ ಬಿಳಿಯಾಗಿ ಕಾಣುವವರೆಗೆ ಬಣ್ಣ ಸರಿಪಡಿಸಿದರೆ ಸೀರೆಯ ಬಣ್ಣವೂ ನಿಜಕ್ಕೆ ಹತ್ತಿರ ಬರುತ್ತದೆ. ಒಡಲು, ದಡಿ, ಟೋಪ್ ತೆನೆ ಸೆರಗು (ಇಳಕಲ್‌ನ ವಿಶಿಷ್ಟ ವಿನ್ಯಾಸದ್ದು), ಹಿಂಬದಿ ಬೇರೆಬೇರೆಯಾಗಿ ಕಾಣಲಿ. ಸೆರಗಿನ ಹಾಸು (ಉದ್ದದ ಎಳೆಗಳು) ಒಡಲಿನ ಹಾಸಿನೊಂದಿಗೆ ಸೇರುವ ಕೊಂಡಿಯ ಫೋಟೊ ಹತ್ತಿರದಿಂದ ಹಾಕಿ. ಕೈಮಗ್ಗದ ಗುರುತಾದ ಆ ಗೆರೆಯನ್ನು ಹೊಸಬರು ಹೊಲಿಗೆಯ ದೋಷ ಎಂದುಕೊಳ್ಳುವುದುಂಟು, ಕೆಳಗೆ ಎರಡು ಸಾಲು ವಿವರಣೆ ಕೊಡಿ. ಸೆರಗು ಶುದ್ಧ ರೇಷ್ಮೆಯೋ ಕೃತಕ ರೇಷ್ಮೆಯೋ, ಉದ್ದ ಎಷ್ಟು, ಬ್ಲೌಸ್ ಪೀಸ್ ಇದೆಯೋ ಇಲ್ಲವೋ ಎಂಬುದನ್ನು ಬೆಲೆಯ ಪಕ್ಕದಲ್ಲೇ ಬರೆಯಿರಿ. ಪ್ಯಾಕ್ ಮಾಡುವಾಗ ಸೀರೆ ಬಿಚ್ಚಿ ತೋರಿಸುವ ಅರ್ಧ ನಿಮಿಷದ ವಿಡಿಯೊ ಆರ್ಡರ್ ಸಂಖ್ಯೆಯೊಂದಿಗೆ ಇಟ್ಟುಕೊಂಡರೆ, ಬೇರೆ ಸೀರೆ ವಾಪಸ್ ಬಂದಾಗ ಮಾರ್ಕೆಟ್‌ಪ್ಲೇಸ್‌ನ ಮುಂದೆ ಅದೇ ಸಾಕ್ಷಿ.