‘ಎಲ್ ಸಿಡ್’ ಸಿನಿಮಾದ ನಾಯಕ ಒಂದು ತಪ್ಪೂ ಮಾಡಲ್ಲ, ಬೋರ್ ಆಗಲ್ವಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹನ್ನೊಂದನೇ ಶತಮಾನದ ಸ್ಪೇನಿನ ವೀರನೊಬ್ಬನ ಕಥೆ ಹೇಳುವ 1961ರ ‘ಎಲ್ ಸಿಡ್’ ನೋಡಿದ್ದೀರಿ. ನಾಯಕ ಕಲ್ಲಿನ ವಿಗ್ರಹದ ಹಾಗಿದ್ದಾನೆ, ಪ್ರೇಮಕಥೆಯನ್ನು ಸುಮ್ನೆ ತುರುಕಿದ್ದಾರೆ, ಕೊನೆಗೆ ಚರ್ಚಿನ ಆರ್ಗನ್ ಬಾರಿಸಿ ಭಕ್ತಿ ಸಿನಿಮಾ ಮಾಡಿಬಿಟ್ಟಿದ್ದಾರೆ ಅನ್ನುವುದು ನಿಮ್ಮ ದೂರು. ಅವನು ನಿಜಕ್ಕೂ ಅಷ್ಟು ಒಳ್ಳೆಯವನಾಗಿದ್ದನಾ ಅಂತಲೂ ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರ: ಇಲ್ಲ. ಉಳಿದದ್ದಕ್ಕೆ ಸ್ವಲ್ಪ ಉದ್ದ ಹೇಳಬೇಕು, ಚಹಾ ಇಟ್ಟುಕೊಂಡು ಓದಿ.

ಮೊದಲ ಸಲ ನೋಡಿದಾಗ ನನಗೂ ನಿಮ್ಮ ಹಾಗೇ ಅನಿಸಿತ್ತು. ಮೂರು ಗಂಟೆಯ ಸಿನಿಮಾ. ಲ್ಯಾಪ್‌ಟಾಪ್‌ನಲ್ಲಿ ಎರಡು ರಾತ್ರಿ ಹಂಚಿಕೊಂಡು ನೋಡಿದ್ದೆ. ನಾಯಕನ ಪಾತ್ರದ ಚಾರ್ಲ್ಟನ್ ಹೆಸ್ಟನ್ ದವಡೆ ಬಿಗಿಹಿಡಿದು ನಿಂತಿದ್ದು ಬಿಟ್ಟರೆ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಕೆಲವು ವರ್ಷ ಬಿಟ್ಟು ಮತ್ತೆ ನೋಡುವಾಗ, ಯಾಕೋ ಅವನನ್ನು ಬಿಟ್ಟು ಸೋಫಿಯಾ ಲಾರೆನ್ ಮಾಡಿರುವ ನಾಯಕಿ ಹಿಮೆನಾಳ ಮುಖವನ್ನೇ ನೋಡುತ್ತ ಕೂತೆ. ಸಿನಿಮಾನೇ ಬೇರೆ ಆಯ್ತು. ಸೀತೆಯ ಕಡೆಯಿಂದ ರಾಮಾಯಣ ಓದಿದ ಹಾಗೆ ಅನ್ನಿ. ಅವನು ಒಂದೊಂದು ಸಲ ಧರ್ಮ ಕಾಪಾಡಿದಾಗಲೂ ಅದರ ಖರ್ಚು ಬೀಳುವುದು ಅವಳ ಲೆಕ್ಕಕ್ಕೆ.

ಶುರುವಿನಿಂದ ನೋಡಿ. ನಾಯಕ ರೊಡ್ರಿಗೊ ಹಿಮೆನಾ ಜೊತೆಗಿನ ತನ್ನ ಮದುವೆಗೆ ಹೊರಟಿದ್ದಾನೆ. ದಾರಿಯಲ್ಲಿ ಸುಟ್ಟ ಹಳ್ಳಿ, ಸುಟ್ಟ ಚರ್ಚು. ಶಿಲುಬೆಯ ಮೇಲಿನ ಏಸುವಿನ ಮೈಯಲ್ಲೂ ಬಾಣ ನೆಟ್ಟಿವೆ. ಅವನು ಆ ಶಿಲುಬೆಯನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಾನೆ. ಈ ಮನುಷ್ಯನನ್ನು ಏನಾಗಿ ನೋಡಬೇಕು ಅಂತ ನಿರ್ದೇಶಕ ಆಂಥನಿ ಮಾನ್ ಹತ್ತೇ ನಿಮಿಷದಲ್ಲಿ ಹೇಳಿಬಿಟ್ಟ. ಸ್ವಲ್ಪ ಜಾಸ್ತಿಯಾಯ್ತು, ಒಪ್ಪುತ್ತೇನೆ. ಆದರೆ ಅದೇ ಮನುಷ್ಯ ಮುಂದೆ ಮಾಡುವುದೇನು? ಸೆರೆ ಸಿಕ್ಕ ಮುಸ್ಲಿಂ ಅಮೀರರನ್ನು ಕೊಲ್ಲದೆ, ಇನ್ನು ಮೇಲೆ ನಮ್ಮ ರಾಜನ ಮೇಲೆ ಬರುವುದಿಲ್ಲ ಅಂತ ಮಾತು ತೆಗೆದುಕೊಂಡು ಬಿಟ್ಟು ಕಳಿಸುತ್ತಾನೆ. ಅವರಲ್ಲೊಬ್ಬ ಮುತಾಮಿನ್. ‘ಸಿಡ್’ ಅಂತ ಅವನನ್ನು ಮೊದಲು ಕರೆಯುವುದು ಇವನೇ. ಅರಬ್ಬಿಯಲ್ಲಿ ಒಡೆಯ ಅಂತ ಅರ್ಥ. ನಮ್ಮೂರುಗಳಲ್ಲಿ ಸಯ್ಯದ್ ಅಂತ ಹೆಸರಿರುತ್ತಲ್ಲ, ಅದೇ ಪದ. ಸ್ಪೇನಿನ ಕ್ರೈಸ್ತರು ತಮ್ಮ ಮಹಾವೀರನನ್ನು ಇವತ್ತಿಗೂ ಅರಬ್ಬಿ ಹೆಸರಲ್ಲೇ ಕರೆಯುತ್ತಾರೆ.

ಈ ಕರುಣೆಗೆ ಸಿಗುವ ಬಹುಮಾನ ರಾಜದ್ರೋಹದ ಆರೋಪ. ಆರೋಪ ಕೇಳಿ ರೇಗಿದ ಅವನ ಮುದಿ ತಂದೆಗೆ ತುಂಬಿದ ಸಭೆಯಲ್ಲಿ ಅವಮಾನವಾಗುತ್ತದೆ. ಅವಮಾನ ಮಾಡಿದವನು ಗೊರ್ಮಾಜ್, ಹಿಮೆನಾಳ ಅಪ್ಪ. ರೊಡ್ರಿಗೊ ಅವನ ಹತ್ತಿರ ಹೋಗಿ, ಕ್ಷಮೆಯ ಒಂದೆರಡು ಮಾತು ಹೇಳಿ ಮುಗಿಸಿಬಿಡಿ ಅಂತ ಹೆಚ್ಚುಕಡಿಮೆ ಬೇಡಿಕೊಳ್ಳುತ್ತಾನೆ. ಮುದುಕ ಬಗ್ಗುವುದಿಲ್ಲ. ಕತ್ತಿ ಹೊರಬರುತ್ತವೆ. ಗೊರ್ಮಾಜ್ ಸಾಯುತ್ತ ಮಗಳ ಕೈಗೆ ಸೇಡು ಒಪ್ಪಿಸುತ್ತಾನೆ. ಆಮೇಲೆ ಅವಳು ರೊಡ್ರಿಗೊಗೆ ಹೇಳುವ ಮಾತಿನ ತಾತ್ಪರ್ಯ ಇಷ್ಟೇ: ನೀನು ನಿನ್ನ ಮಾನವನ್ನು ನನ್ನ ಕಣ್ಣೀರು ಕೊಟ್ಟು ಕೊಂಡುಕೊಂಡೆ. ಅವನ ಹತ್ತಿರ ಉತ್ತರ ಇಲ್ಲ. ನೀನು ಪ್ರೀತಿಸಿದವನು ಇದನ್ನು ಬಿಟ್ಟು ಬೇರೇನೂ ಮಾಡಲಾರ ಅನ್ನುತ್ತಾನೆ, ಅಷ್ಟೇ.

ಪ್ರೇಮಕಥೆ ತುರುಕಿದ್ದು ಅಂದಿರಲ್ಲ, ಅದರಲ್ಲಿ ಅರ್ಧ ಸತ್ಯ ಇದೆ. ಸುಮಾರು 1200ರ ಹೊತ್ತಿನ ಹಳೆಯ ಸ್ಪ್ಯಾನಿಷ್ ವೀರಕಾವ್ಯದಲ್ಲಿ ಈ ಕೊಲೆ ಇಲ್ಲ. ಅಲ್ಲಿ ಹಿಮೆನಾ ಎರಡು ಹೆಣ್ಣುಮಕ್ಕಳ ತಾಯಿ, ಗಂಡನನ್ನು ಗಡೀಪಾರಿಗೆ ಕಳಿಸಿಕೊಡುವ ಹೆಂಡತಿ. ಮಾವನನ್ನು ಕೊಂದ ಅಳಿಯನ ಕಥೆ ಬೆಳೆದಿದ್ದು ಆಮೇಲಿನ ಲಾವಣಿಗಳಲ್ಲಿ. ಅಲ್ಲಿಂದ ಸ್ಪೇನಿನ ನಾಟಕಕ್ಕೆ ಬಂತು. ಅಲ್ಲಿಂದ 1637ರಲ್ಲಿ ಕಾರ್ನೇಯ್ ಬರೆದ ಫ್ರೆಂಚ್ ನಾಟಕಕ್ಕೆ. ಅಂದರೆ ಹಾಲಿವುಡ್ ಇದನ್ನು ತುರುಕಲಿಲ್ಲ, ತುರುಕಿದವರು ಮುನ್ನೂರು ವರ್ಷ ಮುಂಚೆಯೇ ಹೋಗಿದ್ದರು.

ಮುಂದಿನದು ಇನ್ನೂ ವಿಚಿತ್ರ. ಅವನನ್ನು ಕೊಲ್ಲಿಸಲು ಹಿಮೆನಾ ಓರ್ದೋನ್ಯೆಸ್ ಅನ್ನುವ ಸರದಾರನ ಜೊತೆ ಸೇರುತ್ತಾಳೆ. ಕ್ರೈಸ್ತ ಸರದಾರ ಹೊಂಚು ಹಾಕಿಸುತ್ತಾನೆ, ಬಂದು ಕಾಪಾಡುವವನು ಮುತಾಮಿನ್. ಬದುಕಿ ಬಂದ ರೊಡ್ರಿಗೊ ಅವಳನ್ನೇ ಮದುವೆಯಾಗುತ್ತಾನೆ. ಅವಳು ಅವನನ್ನು ಹತ್ತಿರ ಸೇರಿಸದೆ ಕಾನ್ವೆಂಟ್ ಸೇರುತ್ತಾಳೆ.

ಸಿನಿಮಾದ ಧರ್ಮ ಯಾವುದು ಅಂತ ನನಗೆ ಹೊಳೆದಿದ್ದು ಇಲ್ಲಿ. ಶಿಲುಬೆ, ಆರ್ಗನ್ ಎಲ್ಲಾ ಮೇಲಿನ ಅಲಂಕಾರ. ಒಳಗೆ ಇರುವುದು ಕೊಟ್ಟ ಮಾತು. ಯಾರು ಮಾತು ಉಳಿಸಿಕೊಂಡರು, ಯಾರು ಮುರಿದರು, ಅಷ್ಟೇ ತಕ್ಕಡಿ. ಮುತಾಮಿನ್ ಒಂದೇ ಸಲ ಮಾತು ಕೊಟ್ಟ, ಕೊನೆಯ ಯುದ್ಧದವರೆಗೂ ಉಳಿಸಿಕೊಂಡ. ಇತ್ತ ಕ್ರೈಸ್ತ ರಾಜಕುಮಾರ ಅಲ್ಫಾನ್ಸೊನ ಬಾಯಿಂದ ಆಣೆ ತೆಗೆಸಬೇಕಾದರೆ ಕೈ ಹಿಡಿದು ಬೈಬಲ್ ಮೇಲೆ ಒತ್ತಬೇಕಾಯ್ತು. 1072ರಲ್ಲಿ ಅಲ್ಫಾನ್ಸೊನ ಅಣ್ಣ ಸಾಂಚೊ ಸಮೋರಾ ಕೋಟೆಯ ಹೊರಗೆ ಕೊಲೆಯಾದ, ಇದು ಇತಿಹಾಸ. ಆ ಕೊಲೆಯಲ್ಲಿ ನನ್ನ ಕೈಯಿಲ್ಲ ಅಂತ ಹೊಸ ರಾಜನಿಂದ ರೊಡ್ರಿಗೊ ಪ್ರಮಾಣ ಮಾಡಿಸಿದ ಅನ್ನುವುದು ದಂತಕಥೆ. ಸಿನಿಮಾದಲ್ಲಿ ಎಲ್ಲರೂ ಮಂಡಿಯೂರಿದ್ದಾರೆ, ಇವನೊಬ್ಬ ನಿಂತಿದ್ದಾನೆ. ಹೊಸ ರಾಜನ ಮುಖ ಕೆಂಪಾಗುತ್ತದೆ. ಗಡೀಪಾರು ಗ್ಯಾರಂಟಿ ಅಂತ ನಮಗೂ ಗೊತ್ತಾಗುತ್ತದೆ.

ಗಡೀಪಾರಿನ ದಾರಿಯಲ್ಲಿ ಒಬ್ಬ ಕುಷ್ಠರೋಗಿ ನೀರು ಕೇಳುತ್ತಾನೆ. ರೊಡ್ರಿಗೊ ತನ್ನ ನೀರಿನ ಚೀಲವನ್ನೇ ಕೊಡುತ್ತಾನೆ. ಆ ರೋಗಿಯ ಹೆಸರು ಲಾಜರಸ್. ಇದೂ ಹಳೆಯ ಲಾವಣಿಗಳಿಂದ ಬಂದಿದ್ದು. ಅದಾದ ಮೇಲೆ ಹಿಮೆನಾ ಬರುತ್ತಾಳೆ, ಆಸ್ತಿ ಅಂತಸ್ತು ಎಲ್ಲಾ ಹೋದ ಗಂಡನ ಜೊತೆ ಹೆಜ್ಜೆ ಹಾಕಲು. ರಾತ್ರಿ ಒಂದು ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಮಲಗುತ್ತಾರೆ. ಎಲ್ಲಾದರೂ ಯಾರಿಗೂ ಕಾಣದ ಜಾಗದಲ್ಲಿ ಇದ್ದುಬಿಡೋಣ ಅಂತ ಮಾತಾಡಿಕೊಳ್ಳುತ್ತಾರೆ. ಇಡೀ ಸಿನಿಮಾದಲ್ಲಿ ಇಬ್ಬರೂ ಮನುಷ್ಯರ ಹಾಗೆ ಕಾಣುವುದು ಆ ಒಂದು ರಾತ್ರಿ. ಬೆಳಗ್ಗೆ ಬಾಗಿಲು ತೆಗೆದು ಹೊರಗೆ ಬಂದರೆ ಸೈನಿಕರು ಸಾಲಾಗಿ ಕಾಯುತ್ತಿದ್ದಾರೆ. ಸಿಡ್, ಸಿಡ್ ಅಂತ ಕೂಗು ಏಳುತ್ತದೆ. ರೊಡ್ರಿಗೊ ಇವರ ಕಡೆ ನೋಡುತ್ತಾನೆ, ಅವಳ ಕಡೆ ನೋಡುತ್ತಾನೆ. ಅವಳಿಗೆ ಆಗಲೇ ಅರ್ಥವಾಗಿದೆ. ಜನ ಬಂದು ಅವಳ ಗಂಡನನ್ನು ಎತ್ತಿಕೊಂಡು ಹೋದರು. ನೀವು ಫಾಸ್ಟ್ ಫಾರ್ವರ್ಡ್ ಮಾಡಿದ್ದರೆ ಈ ಒಂದು ಜಾಗಕ್ಕೆ ವಾಪಸ್ ಹೋಗಿ.

ಹಳೆಯ ಕಾವ್ಯದ ಗಡೀಪಾರಿನಲ್ಲಿ ಇನ್ನೊಂದು ಚಿಕ್ಕ ಘಟನೆ ಇದೆ, ನನಗೆ ತುಂಬಾ ಇಷ್ಟ. ಬುರ್ಗೋಸ್ ಊರಲ್ಲಿ ಸಿಡ್ ಬಾಗಿಲು ಬಡಿಯುತ್ತಾನೆ, ಯಾರೂ ತೆಗೆಯುವುದಿಲ್ಲ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಹೊರಗೆ ಬಂದು ಹೇಳುತ್ತಾಳೆ: ನಿಮಗೆ ಜಾಗ ಕೊಟ್ಟರೆ ನಮ್ಮ ಮನೆಮಠ ಹೋಗುತ್ತದೆ, ಕಣ್ಣೂ ಹೋಗುತ್ತದೆ, ರಾಜನ ಆಜ್ಞೆ, ನಮಗೆ ಕೇಡಾದರೆ ನಿಮಗೇನು ಸಿಗುತ್ತದೆ? ಅಷ್ಟು ದೊಡ್ಡ ವೀರ ಸುಮ್ಮನೆ ಕುದುರೆ ತಿರುಗಿಸುತ್ತಾನೆ. ಬಡಿದಾಡಿದ ಪುಟಗಳಿಗಿಂತ ಆ ತಿರುಗುವಿಕೆಯಲ್ಲಿ ಅವನು ಜಾಸ್ತಿ ಎತ್ತರ ಕಾಣುತ್ತಾನೆ.

ನಾಯಕ ಬದಲಾಗುವುದೇ ಇಲ್ಲ ಅನ್ನುವ ನಿಮ್ಮ ಮಾತು ಸರಿ. ಆದರೆ ಈ ಜಾತಿಯ ನಾಯಕ ಬದಲಾಗಬಾರದು. ಅವನು ನೆಟ್ಟ ಕಂಬ. ಕಥೆ ನಡೆಯುವುದು ಅವನಿಗೆ ಡಿಕ್ಕಿ ಹೊಡೆಯುವವರಲ್ಲಿ. ಕೊಲ್ಲಲು ಹೊಂಚು ಹಾಕಿದ ಓರ್ದೋನ್ಯೆಸ್ ಕೊನೆಗೆ ಅವನಿಗಾಗಿಯೇ ಸಾಯುತ್ತಾನೆ. ಹಠಮಾರಿ ಹುಡುಗ ಅಲ್ಫಾನ್ಸೊ ಕೊನೆಗೆ ರಾಜನಾಗುತ್ತಾನೆ, ಅಂದರೆ ಕಿರೀಟಕ್ಕೆ ತಕ್ಕ ತಲೆ ಬರುತ್ತದೆ. ಜಾನ್ ಫ್ರೇಜರ್ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾನೆ ಅಂದರೆ, ಅವನ ಮುಂದೆ ಹೆಸ್ಟನ್ ನಿಜಕ್ಕೂ ಕಂಬವೇ.

ಈಗ ಇತಿಹಾಸ. ರೊಡ್ರಿಗೊ ದಿಯಾಸ್ ನಿಜವಾದ ವ್ಯಕ್ತಿ, 1099ರಲ್ಲಿ ತೀರಿಕೊಂಡ. 1081ರಲ್ಲಿ ಗಡೀಪಾರಾದ ಮೇಲೆ ಹೋಗಿ ಕೆಲಸಕ್ಕೆ ಸೇರಿದ್ದು ಸರಗೋಸಾದ ಮುಸ್ಲಿಂ ದೊರೆಯ ಹತ್ತಿರ. ಸಂಬಳಕ್ಕೆ ಯುದ್ಧ ಮಾಡಿದ, ಕ್ರೈಸ್ತರ ಮೇಲೂ ಮಾಡಿದ. ಆ ಕಾಲದಲ್ಲಿ ಅದೇನೂ ದೊಡ್ಡ ಸುದ್ದಿಯಲ್ಲ. ಸಿನಿಮಾದಲ್ಲಿ ಅದೆಲ್ಲಾ ಮುತಾಮಿನ್ ಜೊತೆಗಿನ ಸ್ನೇಹ ಅನ್ನುವ ಒಂದು ಪದದಲ್ಲಿ ಮುಗಿದುಹೋಗಿದೆ. 1094ರಲ್ಲಿ ವಲೆನ್ಸಿಯಾ ಹಿಡಿದ. ಸಿನಿಮಾದಲ್ಲಿ ಈ ಮುತ್ತಿಗೆ ನೆನಪಿದೆಯಾ? ಹಸಿದ ಊರಿಗೆ ಕವಣೆ ಯಂತ್ರದಿಂದ ರೊಟ್ಟಿ ಎಸೆಯುತ್ತಾರೆ. ಕಲ್ಲು ಬರುತ್ತದೆ ಅಂತ ಜನ ಓಡುತ್ತಾರೆ, ಬಿದ್ದದ್ದು ನೋಡಿದರೆ ರೊಟ್ಟಿ! ಎಷ್ಟು ಚೆಂದ ಅಲ್ವಾ? ನಿಜದಲ್ಲಿ ಆ ಊರನ್ನು ಹಸಿವಿಗೆ ಕೆಡವಿದ್ದೇ ಅವನು. ಒಳಗಿದ್ದ ಇಬ್ನ್ ಅಲ್ಕಾಮಾ ದಿನಸಿ ಬೆಲೆ ಏರುತ್ತ ಹೋದ ಲೆಕ್ಕವನ್ನು ಬರೆದಿಟ್ಟ. ಗೆದ್ದ ಮೇಲೆ ಊರಿನ ಖಾಜಿ ಇಬ್ನ್ ಜಹ್ಹಾಫ್‌ನನ್ನು ಸಿಡ್ ಜೀವಂತ ಸುಡಿಸಿದ. ಸಿನಿಮಾದಲ್ಲಿ ಕಿರೀಟವನ್ನು ಅಲ್ಫಾನ್ಸೊಗೆ ಕಳಿಸುತ್ತಾನೆ. ಇತಿಹಾಸದಲ್ಲಿ ವಲೆನ್ಸಿಯಾವನ್ನು ತಾನೇ ಒಡೆಯನಾಗಿ ಆಳಿದ.

ಒಂದು ವಿಷಯ ಮಾತ್ರ ಸಿನಿಮಾದಲ್ಲೂ ಇದೆ, ಇತಿಹಾಸದಲ್ಲೂ ಇದೆ. ಸಿಡ್ ಮೇಲಿನ ಸಿಟ್ಟಿಗೆ ಅಲ್ಫಾನ್ಸೊ ಹಿಮೆನಾಳನ್ನೂ ಮಕ್ಕಳನ್ನೂ ಹಿಡಿದು ಸೆರೆಗೆ ಹಾಕಿದ್ದು. ಬೇರೆಲ್ಲಾ ಕಡೆ ಬಣ್ಣ ಬಳಿದವರು ಆ ಜಾಗದಲ್ಲಿ ಬಳಿಯಬೇಕಾಗಲೇ ಇಲ್ಲ.

ಈ ವಿಗ್ರಹ ಕೆತ್ತಿದವರಲ್ಲಿ ವಿದ್ವಾಂಸರೂ ಇದ್ದರು. ಚಿತ್ರಕ್ಕೆ ಇತಿಹಾಸದ ಸಲಹೆಗಾರರಾಗಿದ್ದವರು ರಾಮೋನ್ ಮೆನೆಂದೆಸ್ ಪಿದಾಲ್, ಆಗ ತೊಂಬತ್ತು ದಾಟಿದ್ದರು. ಸಿಡ್ ಮೇಲೆ ಜೀವಮಾನವಿಡೀ ಕೆಲಸ ಮಾಡಿದವರು, ಅವನನ್ನು ರಾಷ್ಟ್ರವೀರ ಅಂತಲೇ ನಂಬಿದ್ದವರು. ಚಿತ್ರೀಕರಣ ನಡೆದಿದ್ದು ಸರ್ವಾಧಿಕಾರಿ ಫ್ರಾಂಕೊ ಕಾಲದ ಸ್ಪೇನಿನಲ್ಲಿ. 1955ರಲ್ಲಿ ಬುರ್ಗೋಸ್‌ನಲ್ಲಿ ಸಿಡ್‌ನ ಕಂಚಿನ ಪ್ರತಿಮೆಯನ್ನು ಅನಾವರಣ ಮಾಡಿದ್ದೇ ಫ್ರಾಂಕೊ. ಕಲ್ಲಿನ ವಿಗ್ರಹ ಅಂದಿರಲ್ಲ, ಕಂಚು ಅಂದಿದ್ದರೆ ಪಕ್ಕಾ ಆಗುತ್ತಿತ್ತು.

ನನಗೆ ನಿಜವಾಗಿ ತಡೆಯಲಾಗದ್ದು ಆಫ್ರಿಕಾದಿಂದ ದಂಡೆತ್ತಿ ಬರುವ ಖಳನಾಯಕ ಬೆನ್ ಯೂಸುಫ್ ಪಾತ್ರ. ಕಪ್ಪು ಬಟ್ಟೆ, ಅರ್ಧ ಮುಚ್ಚಿದ ಮುಖ, ಪುಸ್ತಕ ಸುಡಿ ಅನ್ನುವ ಭಾಷಣ. ಇದರ ಹಿಂದಿರುವ ನಿಜವಾದ ದೊರೆ ಯೂಸುಫ್ ಇಬ್ನ್ ತಾಶ್ಫೀನ್ ಮೊರಾಕೊದಿಂದ ಸ್ಪೇನ್‌ವರೆಗೆ ರಾಜ್ಯ ಕಟ್ಟಿದವನು, ಸತ್ತಿದ್ದು 1106ರಲ್ಲಿ, ಸಿಡ್ ಹೋಗಿ ಏಳು ವರ್ಷದ ಮೇಲೆ. ಸಿನಿಮಾದಲ್ಲಿ ಸಿಡ್‌ನ ಕುದುರೆಯ ಕಾಲಿಗೆ ಸಿಕ್ಕಿ ಸಾಯುತ್ತಾನೆ. ಮುತಾಮಿನ್‌ನಂಥ ಪಾತ್ರ ಬರೆದವರಿಗೆ ಇವನನ್ನು ಇಷ್ಟು ಅಗ್ಗವಾಗಿ ಬರೆಯಲು ಮನಸ್ಸು ಹೇಗೆ ಬಂತೋ.

ಇನ್ನು ನಿಮ್ಮ ಆರ್ಗನ್. ಸಿಡ್ ಎದೆಗೆ ಬಾಣ ನಾಟಿದೆ. ಕಿತ್ತರೆ ಬದುಕಬಹುದು, ಆದರೆ ಮಾರನೇ ದಿನ ಕುದುರೆ ಹತ್ತಲು ಆಗುವುದಿಲ್ಲ. ಕೀಳುವುದು ಬೇಡ, ಸತ್ತರೂ ನನ್ನನ್ನು ಸೈನ್ಯದ ಮುಂದೆ ಕಳಿಸು ಅಂತ ಹಿಮೆನಾಳಿಂದ ಮಾತು ತೆಗೆದುಕೊಳ್ಳುತ್ತಾನೆ. ಇಡೀ ಸಿನಿಮಾದಲ್ಲಿ ಮಾತು ಕೊಟ್ಟವನು ಅವನು, ಈ ಸಲ ಉಳಿಸಿಕೊಳ್ಳಬೇಕಾದವಳು ಅವಳು. ಬೆಳಗ್ಗೆ ಹೆಣವನ್ನು ಕುದುರೆಗೆ ಕಟ್ಟಿ ನಿಲ್ಲಿಸುತ್ತಾರೆ. ಕೋಟೆ ಬಾಗಿಲು ತೆರೆಯುತ್ತದೆ, ಬಿಸಿಲು ಗುರಾಣಿಗೆ ಬಡಿದು ಕಣ್ಣು ಕುಕ್ಕುತ್ತದೆ, ಮಿಕ್ಲೋಶ್ ರೋಜಾ ಸಂಗೀತದ ಆರ್ಗನ್ ಶುರುವಾಗುತ್ತದೆ. ಶತ್ರುಗಳು ಸತ್ತವನು ಎದ್ದು ಬಂದ ಅಂತ ಚೆಲ್ಲಾಪಿಲ್ಲಿ. ಆ ಆರ್ಗನ್ ಅವನಿಗಲ್ಲ ಅಂತ ಒಂದು ಸಲ ಅಂದುಕೊಂಡು ಕೇಳಿ. ಕೋಟೆ ಗೋಡೆಯ ಮೇಲೆ ಎರಡು ಮಕ್ಕಳನ್ನು ಪಕ್ಕದಲ್ಲಿ ಇಟ್ಟುಕೊಂಡು ನಿಂತಿದ್ದಾಳಲ್ಲ, ಅವಳನ್ನು ನೋಡುತ್ತ ಕೇಳಿ.

ಈ ಸತ್ತ ಸವಾರಿಯೂ ದಂತಕಥೆ, ಅವನನ್ನು ಹೂಳಿದ ಕಾರ್ದೇನ್ಯ ಮಠದ ಸುತ್ತ ಬೆಳೆದಿದ್ದು. ನಿಜವಾದ ಸಿಡ್ ವಲೆನ್ಸಿಯಾದಲ್ಲಿ ಯುದ್ಧವಿಲ್ಲದೆ ಸತ್ತ. ಆಮೇಲೆ ಸುಮಾರು ಮೂರು ವರ್ಷ ಆ ಊರನ್ನು ಹಿಡಿದಿಟ್ಟುಕೊಂಡವಳು ಹಿಮೆನಾ. 1101ರಲ್ಲಿ ಅಲ್ಲಿನ ದೊಡ್ಡ ಚರ್ಚಿಗೆ ಅವಳು ಕೊಟ್ಟ ದಾನಪತ್ರ ಉಳಿದಿದೆ. 1102ರಲ್ಲಿ ಅಲ್ಫಾನ್ಸೊ ಸೈನ್ಯ ತಂದು ನೋಡಿದ, ಇದನ್ನು ಉಳಿಸಿಕೊಳ್ಳಲು ಆಗುವುದಿಲ್ಲ ಅಂದ. ಊರಿಗೆ ಬೆಂಕಿ ಇಟ್ಟು ಹೊರಟರು. ಹಿಮೆನಾ ಗಂಡನ ಶವವನ್ನು ಜೊತೆಗೆ ತೆಗೆದುಕೊಂಡು, ಅಷ್ಟು ದೂರದ ಬುರ್ಗೋಸ್ ಪಕ್ಕದ ಕಾರ್ದೇನ್ಯಗೆ ಬಂದಳು. ಸತ್ತ ಸಿಡ್ ನಿಜವಾಗಿ ಮಾಡಿದ ಮೊದಲ ದೊಡ್ಡ ಪ್ರಯಾಣ ಅದು. ಅದನ್ನು ಇನ್ನೂ ಯಾರಾದರೂ ಸಿನಿಮಾ ಮಾಡಿದರೆ ನನಗೊಂದು ಟಿಕೆಟ್ ಇಡಿ.